ಗೂಡಲೂರಿನಿಂದ ಬಂದ ರಿಂಗ್

ದಿಂಡುಗಲ್ಲಿನ ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ದೊಡ್ಡ ಹಾಲಿನಲ್ಲಿ ಈಗ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಒಂದು ಕಾಲದಲ್ಲಿ ಅಲ್ಲಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಧೂಳು ಬೀಳಬಾರದು, ಸೆಕೆಯಾಗಬಾರದು, ಬಾಗಿಲನ್ನು ಧಡಾರನೆ ಹಾಕಬಾರದು. ನನ್ನ ಮನೆಯಲ್ಲಿ ಕಿರುಗುಟ್ಟುವ ಫ್ಯಾನ್ ಒಂದೇ ಇದ್ದಾಗ ಅಲ್ಲಿಯ ಫೋನ್ ಯಂತ್ರಗಳ ಕಬ್ಬಿಣದ ಬೀರುಗಳಿಗೆ ಹಗಲೂ ರಾತ್ರಿ ಎ.ಸಿ. ಇತ್ತು. ಸಾಲುಸಾಲು ಬೀರು, ಬೀರುವಿನೊಳಗೆ ಪುಸ್ತಕ ಜೋಡಿಸಿದ ಹಾಗೆ ಎಲೆಕ್ಟ್ರಾನಿಕ್ ಕಾರ್ಡುಗಳು. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಒತ್ತಿದ ನಂಬರು ಓದುವುದಕ್ಕೆ ಒಂದು, ದಾರಿ ಹುಡುಕುವುದಕ್ಕೆ ಇನ್ನೊಂದು, ಆ ಕಡೆಯ ಮನೆಯಲ್ಲಿ ಗಂಟೆ ಬಾರಿಸುವುದಕ್ಕೆ ಮತ್ತೊಂದು. ಅವುಗಳ ಸೇವೆಯಲ್ಲಿ ನನ್ನ ತಲೆಗೂದಲು ನೆರೆಯಿತು.

ನನ್ನ ಊರು ಗೂಡಲೂರು. ಕಂಬಂ ಕಣಿವೆಯಲ್ಲಿ ಅದೇ ಕೊನೆ, ಅದರಾಚೆ ಘಾಟಿ ಹತ್ತಿದರೆ ಕುಮುಳಿ, ಕೇರಳ. ನಮ್ಮ ಹಿಂದಿನವರು ಯಾವ ಕಾಲದಲ್ಲೋ ಕನ್ನಡದ ಸೀಮೆಯಿಂದ ದನ ಹೊಡೆದುಕೊಂಡು ಬಂದವರಂತೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮೀಸೆ ಬಂದ ಮೇಲೆ, ಮೈಸೂರಿನಲ್ಲಿ ತರಬೇತಿಗೆ ಹಾಕಿದ್ದಾಗ. ನಾನು ಬಾಯಿ ತೆರೆದರೆ ಅಲ್ಲಿಯವರು ನಗುತ್ತಿದ್ದರು. ಆ ಸಿಟ್ಟಿನಲ್ಲೇ ಓದು ಬರಹ ಕಲಿತೆ. ನನ್ನ ಎಷ್ಟೋ ಕಲಿಕೆ ಸಿಟ್ಟಿನಿಂದಲೇ ಆದದ್ದು. ಆ ಗುಣ ಅಪ್ಪನಿಂದ ಬಂತು, ಅಕ್ಕನಿಗೂ ಅದರಲ್ಲಿ ಸಮಪಾಲು.

ಅಕ್ಕ ನನಗಿಂತ ಹಿರಿಯಳು. ಅದೇ ಊರಿನಲ್ಲಿ ಮದುವೆಯಾಗಿ, ದ್ರಾಕ್ಷಿ ತೋಟದ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗಲಾಟೆಯ ನಡುವೆ ಯಜಮಾನಿಯಾಗಿ ಕೂತವಳು. ನನಗೆ ದಿಂಡುಗಲ್ಲಿಗೆ ವರ್ಗವಾದಾಗ ಇಬ್ಬರ ಮನೆಗೂ ನಾನೇ ಫೋನ್ ಹಾಕಿಸಿದೆ. ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು ಅವಳು ಫೋನ್ ಮಾಡುತ್ತಿದ್ದಳು. ಹಸು ಕರು ಹಾಕಿದ್ದು, ಯಾರ ಮನೆ ಸೊಸೆ ಯಾರ ಜೊತೆ ಮುನಿಸಿಕೊಂಡದ್ದು, ಎಲ್ಲ ಸುದ್ದಿ. ಮೊಬೈಲ್ ಬಂದ ಮೇಲೂ ಅವಳು ಅದನ್ನು ಮುಟ್ಟಲಿಲ್ಲ. ಅವಳಿಗೆ ಬಾಯಿಪಾಠವಿದ್ದದ್ದು ನನ್ನ ಮನೆಯ ಆ ಒಂದೇ ನಂಬರು.

ಅವಳ ಮಗಳ ಮದುವೆಯಲ್ಲಿ ಎಲ್ಲ ಕೆಟ್ಟಿತು. ನಮ್ಮಲ್ಲಿ ಮದುಮಗಳ ಕೈ ಹಿಡಿದು ಚಪ್ಪರಕ್ಕೆ ಕರೆತರಬೇಕಾದವನು ತಾಯಿಯ ತಮ್ಮ. ಅಪ್ಪ ಇಲ್ಲದಿದ್ದರೂ ಮದುವೆ ನಡೆದೀತು, ಮಾಮ ಇಲ್ಲದೆ ನಡೆಯುವುದಿಲ್ಲ. ನಾನು ಹಿಂದಿನ ದಿನವೇ ಹೊರಟು ನಿಂತಿದ್ದೆ. ಆ ಸಂಜೆ ಸಿಡಿಲು ಬಡಿದು ಎಕ್ಸ್‌ಚೇಂಜಿನಲ್ಲಿ ಗಂಟೆ ಬಾರಿಸುವ ಕಾರ್ಡುಗಳ ಸಾಲೇ ಸುಟ್ಟುಹೋಯಿತು. ಅರ್ಧ ದಿಂಡುಗಲ್ಲಿನಲ್ಲಿ, ಆಸ್ಪತ್ರೆಗಳೂ ಸೇರಿ, ಯಾರ ಮನೆಯಲ್ಲೂ ಫೋನ್ ಬಾರಿಸುತ್ತಿರಲಿಲ್ಲ. ಜೊತೆಗಿದ್ದವನು ಜ್ವರ ಬಂದು ಮಲಗಿದ್ದ. ನಾನು ಉಳಿದೆ. ಸರಿಮಾಡಿ ಬಸ್ಸು ಹತ್ತಿ ಗೂಡಲೂರು ಮುಟ್ಟುವಷ್ಟರಲ್ಲಿ ಮುಹೂರ್ತ ಕಳೆದು ಎಲೆ ಎತ್ತುತ್ತಿದ್ದರು. ದೂರದ ಸಂಬಂಧದ ಒಬ್ಬನು ಮಾಮನ ಜಾಗದಲ್ಲಿ ನಿಂತು ಹುಡುಗಿಯ ಕೈ ಹಿಡಿದಿದ್ದ.

"ಬಂದ್ಯಾ? ಆ ಇರುಂಬು ಪೊಟ್ಟಿನೇ ನಿನ್ ಕೂಡ ಉಟ್ಟಿದ್ದು ಅಂತ ಇವತ್ತು ತೆರಿಂತು. ಅದ್ರ್ ತಾವೇ ಓಗು" ಎಂದಳು ಅಕ್ಕ, ತುಂಬಿದ ಚಪ್ಪರದಲ್ಲಿ. ಆ ಕಬ್ಬಿಣದ ಪೆಟ್ಟಿಗೆಯೇ ನಿನ್ನ ಒಡಹುಟ್ಟು ಎಂದು ಗೊತ್ತಾಯಿತು, ಅದರ ಹತ್ತಿರವೇ ಹೋಗು ಎಂದು. ನಾನೂ ಸುಮ್ಮನಿರಲಿಲ್ಲ. "ಆಯ್ತು, ಓಗ್ತೀನಿ" ಎಂದು ಊಟ ಮಾಡದೆ ಅದೇ ಬಸ್ಸಿಗೆ ವಾಪಸು ಬಂದೆ. ನಾನು ಮಾಡಿದ್ದು ತಪ್ಪೆಂದು ನನಗೆ ಅವತ್ತೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಶುಕ್ರವಾರದ ಫೋನ್ ನಿಂತುಹೋಯಿತು.

ವರ್ಷಗಳು ಹೋದವು. ಮನೆಯಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು. ಅಪ್ಪನ ಫೋಟೋ ಕೆಳಗಿನ ಸ್ಟೂಲಿನ ಮೇಲೆ ಹಳೆಯ ಫೋನ್ ಮೂಕನಂತೆ ಕೂತಿತ್ತು. "ಯಾರಿಗೆ ಇದು? ತೆಗೆಸಿಬಿಡಿ" ಎಂದು ಮನೆಯವಳು ವರ್ಷಕ್ಕೊಮ್ಮೆ ಹೇಳುತ್ತಿದ್ದಳು. ಇಂಟರ್ನೆಟ್‌ಗೆ ಬೇಕು ಎಂದು ನಾನು ರೀಲು ಬಿಡುತ್ತಿದ್ದೆ. ಯಾರಿಗೆ ಎಂದು ಅವಳಿಗೂ ಗೊತ್ತಿತ್ತು. ದಿನವೂ ಒಮ್ಮೆ ರಿಸೀವರ್ ಎತ್ತಿ ಡಯಲ್ ಟೋನ್ ಕೇಳಿ ಇಡುತ್ತಿದ್ದೆ. ಜೀವ ಇದೆಯಲ್ಲ, ಸಾಕು ಎಂದು.

ಆಮೇಲೆ ನಮ್ಮ ಬೀರುಗಳ ಕಾಲ ಮುಗಿಯಿತು. ಇನ್ನು ಮುಂದೆ ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಬೇಡ, ಕೆಲಸಗಳೆಲ್ಲ ಸಾಫ್ಟ್‌ವೇರ್ ಆಗುತ್ತವೆ, ಯಾವುದೋ ನಗರದ ಸಾಮಾನ್ಯ ಕಂಪ್ಯೂಟರುಗಳ ಮೇಲೆ ಅವು ಓಡುತ್ತವೆ ಎಂದರು. ನಂಬರು ಓದುವುದು, ದಾರಿ ಹುಡುಕುವುದು, ಲೆಕ್ಕ ಇಡುವುದು, ಗಂಟೆ ಬಾರಿಸು ಎಂದು ಹೇಳುವುದು, ಎಲ್ಲವೂ ಬರೀ ಬರಹ. ಒಂದು ಕಂಪ್ಯೂಟರ್ ಕೆಟ್ಟರೆ ಆ ಬರಹ ಇನ್ನೊಂದಕ್ಕೆ ಹಾರಿ ಕೂತು ಕೆಲಸ ಮುಂದುವರಿಸುತ್ತದೆ. ಪಾಠ ಹೇಳಲು ಬಂದ ಹೆಣ್ಣುಮಗಳು "ಕೆಲಸ ಹಾಗೇ ಇರುತ್ತೆ ಸಾರ್, ಮೈ ಮಾತ್ರ ಇರಲ್ಲ" ಎಂದಳು. ಅವಳು ಒಳ್ಳೆಯವಳು, ಬಿಡಿಸಿ ಬಿಡಿಸಿ ಹೇಳಿದಳು. ನನಗೂ ಅರ್ಥವಾಯಿತು, ಮೆಚ್ಚಿಕೆಯೂ ಆಯಿತು. ಬುದ್ಧಿವಂತ ಕೆಲಸವನ್ನು ಬುದ್ಧಿವಂತ ಕೆಲಸವೆಂದೇ ಹೇಳಬೇಕು.

ನಮ್ಮವರಿಗೆ ಇದು ತೀರಾ ಹೊಸತೂ ಅಲ್ಲ. ಕಣಿವೆಯಲ್ಲಿ ನಮ್ಮ ಜನ ದೇವರ ದನಗಳ ಮಂದೆಯೊಂದನ್ನು ಸಾಕುತ್ತಾರೆ. ಅದರ ಪಟ್ಟದ ಎತ್ತು ಸತ್ತರೆ ಮಂದೆಯ ಮುಂದೆ ಕಬ್ಬು ಇಡುತ್ತಾರೆ. ಯಾವ ಎತ್ತು ಬಂದು ಅದಕ್ಕೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಮೈ ಬೇರೆ, ಪಟ್ಟ ಅದೇ. ಆದರೆ ಸತ್ತ ಎತ್ತಿಗೆ ಅರಿಶಿನ ಹಚ್ಚಿ, ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡಿ, ಹೆಂಗಸರು ಅತ್ತು ಬರುತ್ತಾರೆ. ನಮ್ಮ ಬೀರುಗಳಿಗೆ ಲಾರಿ ಬಂತು. ವೇದಸಂದೂರಿನ ಕಡೆಯ ಗುಜರಿಯವರು ಗ್ಯಾಸ್ ಕಟರ್‌ನಿಂದ ಕತ್ತರಿಸಿ, ಕಾಲಲ್ಲಿ ಒದ್ದು ಒಳಗೆ ತಳ್ಳಿದರು. ಗಂಟೆ ಬಾರಿಸುವ ಒಂದು ಕಾರ್ಡನ್ನು ಮಾತ್ರ ಕೇಳಿ ತೆಗೆದುಕೊಂಡೆ. ಎ.ಸಿ. ಆರಿಸಿದ ಮೇಲೆ ಆ ಹಾಲಿನಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ.

ಬದಲಾವಣೆಯ ದಿನ ಊರಿನ ನಂಬರುಗಳನ್ನೆಲ್ಲ ಹೊಸ ವ್ಯವಸ್ಥೆಗೆ ತಿರುಗಿಸಿ, ಒಂದೊಂದಕ್ಕೂ ಕರೆ ಮಾಡಿ ನೋಡಿದೆವು. ಸಿಬ್ಬಂದಿಯ ಮನೆಗಳ ನಂಬರುಗಳು ಒಂದೇ ಗೊಂಚಲಿನಲ್ಲಿದ್ದವು. ಅವನ್ನು ನಾವು ಯಾವಾಗಲೂ ಕೊನೆಗೆ ಬಿಡುತ್ತಿದ್ದೆವು. ನಮ್ಮ ಮನೆಯವೇ ತಾನೆ, ಕೆಟ್ಟರೆ ನಮಗೇ ಗೊತ್ತಾಗುತ್ತದೆ ಎಂದು. ಈ ಸಲ ಅವನ್ನು ನೋಡಲೇ ಇಲ್ಲ. ಎಕ್ಸ್‌ಚೇಂಜಿನವರೆಲ್ಲ ಹೀಗೇ. ಊರಿಗೆಲ್ಲ ಬಡಿಸಿ ತಮ್ಮ ಎಲೆ ಮರೆಯುವ ಜನ. ಮನೆಗೆ ಬಂದು ರಿಸೀವರ್ ಎತ್ತಿದೆ, ಡಯಲ್ ಟೋನ್ ಇತ್ತು. ಸರಿ, ಆಯಿತು ಎಂದುಕೊಂಡೆ. ಫೋನ್ ಮೊದಲೂ ಬಾರಿಸುತ್ತಿರಲಿಲ್ಲ, ಆಮೇಲೂ ಬಾರಿಸಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಅಕ್ಕನ ಮಗಳು ಕರೆ ಮಾಡಿದಳು. ನಾನು ಕೈ ಹಿಡಿದು ಕರೆತರಬೇಕಾಗಿದ್ದ ಹುಡುಗಿ. ಒಡ್ಡನ್‌ಛತ್ರಂನ ತರಕಾರಿ ವ್ಯಾಪಾರಿಯ ಮನೆ ಸೇರಿದವಳು. ಹಿಂದೆ ಲಾರಿಗೆ ಮೂಟೆ ಹತ್ತಿಸುವವರ ಕೂಗು ಕೇಳುತ್ತಿತ್ತು. ನಮಸ್ಕಾರವೂ ಇಲ್ಲ, ಏನೂ ಇಲ್ಲ.

"ಮಾಮ, ನಿಮ್ಗೆ ಮನ್ಸು ಅಂತ ಒಂದದೆಯಾ? ಅಮ್ಮಂಗೆ ಕಿಡ್ನಿ ಪೋಯಿ ಆರು ಮಾಸ ಆಯ್ತು. ದಿನಾ ಕಾಲೈಲಿ ಎದ್ದೇಟ್ಗೆ ನಿಮ್ ಮನೆಗೆ ಫೋನ್ ಆಕ್ತಾಳೆ. ರಿಂಗ್ ಓಯ್ತಾನೇ ಅದೆ. ನೀವು ಎತ್ತೋದೇ ಇಲ್ಲೆ. ಬೇರೆ ನಂಬರ್‌ಗೆ ನಾವ್ ಆಕ್ತೀವಿ ಅಂದ್ರೂ ಬೇಡ ಅಂತಾಳೆ. ಅವ್ನೇ ಎತ್ಲಿ ಅಂತಾಳೆ."

"ನಮ್ ಮನೇಲಿ ರಿಂಗೇ ಆಗ್ಲಿಲ್ಲೆ ತಾಯಿ" ಎಂದೆ.

"ಪೊಯ್ ಏಳ್ಬೇಡಿ. ನಾನೇ ಅವ್ಳ್ ಪಕ್ಕ ಕುಂತು ಕಿವಿ ಕೊಟ್ಟು ಕೇಳಿದ್ದೀನಿ" ಎಂದಳು. ಸುಳ್ಳು ಹೇಳಬೇಡಿ ಎಂದು ಅಷ್ಟು ದೊಡ್ಡ ದನಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಅವಳು ಫೋನ್ ಇಟ್ಟಳು.

ಕಂಬಂ ಎಕ್ಸ್‌ಚೇಂಜಿನಲ್ಲಿದ್ದ ಗೆಳೆಯನಿಗೆ ಮೊಬೈಲಿನಲ್ಲಿ ಹೇಳಿದೆ, ಅಲ್ಲಿಯ ಹಳೆಯ ಫೋನಿನಿಂದ ನನ್ನ ಮನೆಗೆ ಕರೆ ಮಾಡು ಎಂದು. ಮೊಬೈಲನ್ನು ಕಿವಿಗಿಟ್ಟುಕೊಂಡೇ ಸ್ಟೂಲಿನ ಮುಂದೆ ನಿಂತೆ. ಅವನು ನಂಬರು ಒತ್ತಿದ. "ರಿಂಗ್ ಪೋಗುದು ಸಾರ್" ಎಂದ, ರಿಂಗ್ ಹೋಗುತ್ತಿದೆ ಎಂದು. ನನ್ನ ಎದುರಿಗೆ ಫೋನ್ ಕಲ್ಲಿನಂತೆ ಕೂತಿತ್ತು. "ಇನ್ನೂ ಪೋಗುದು ಸಾರ್. ಯಾರೂ ಎಡುಕ್ಕಲೈಯಾ?" ಎಂದ, ಯಾರೂ ಎತ್ತುತ್ತಿಲ್ಲವೇ ಎಂದು. ಅಡುಗೆಮನೆಯಿಂದ ಬಂದ ಮನೆಯವಳು ನನ್ನ ಮುಖ ನೋಡಿ ಅಲ್ಲೇ ನಿಂತಳು.

ಜನರಿಗೆ ಇದು ಗೊತ್ತಿರುವುದಿಲ್ಲ. ಕರೆ ಮಾಡಿದವರ ಕಿವಿಗೆ ಬೀಳುವ ರಿಂಗ್ ಬೇರೆ, ಆ ಕಡೆಯ ಮನೆಯಲ್ಲಿ ಬಾರಿಸುವ ಗಂಟೆ ಬೇರೆ. ನಮ್ಮ ಹಳೆಯ ಬೀರುಗಳಲ್ಲಿ ಎರಡನ್ನೂ ಆ ಕಡೆಯ ಎಕ್ಸ್‌ಚೇಂಜಿನ ಒಂದೇ ಕಾರ್ಡು ಕಳಿಸುತ್ತಿತ್ತು. ಕಾರ್ಡು ಸತ್ತರೆ ಮನೆಯಲ್ಲಿ ಗಂಟೆಯೂ ಇಲ್ಲ, ಕಿವಿಯಲ್ಲಿ ರಿಂಗೂ ಇಲ್ಲ. ಆ ಯಂತ್ರಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೊಸದರಲ್ಲಿ ಹಾಗಲ್ಲ. ಅಲ್ಲಿ ಬಾರಿಸುತ್ತಿದೆ ಎಂಬ ಒಂದು ಸುದ್ದಿ ಬಂದರೆ ಸಾಕು, ಕರೆ ಮಾಡಿದವರ ಕಿವಿಗೆ ಅವರ ಕಡೆಯ ಯಂತ್ರವೇ ರಿಂಗ್ ಕೇಳಿಸುತ್ತದೆ. ನಮ್ಮ ಸಿಬ್ಬಂದಿಯ ಗೊಂಚಲಿಗೆ ಕಣಿವೆಯ ಕಡೆಯಿಂದ ಬರುವ ದಾರಿಯನ್ನು ಯಾರೋ ಬರೆಯುವಾಗ, ಗುಜರಿಗೆ ಹೋದ ಬೀರುವಿನ ಕಡೆಗೇ ಬಿಟ್ಟಿದ್ದರು. ಬಾರಿಸುತ್ತಿದೆ ಎಂಬ ಸುದ್ದಿ ಮಾತ್ರ ಮುಂಚೆಯೇ ಹೊರಟುಬಿಡುತ್ತಿತ್ತು. ಅಕ್ಕ ಅಷ್ಟು ತಿಂಗಳು ಬಾರಿಸಿದ್ದು ಇಲ್ಲದ ಮನೆಯೊಂದರ ಬಾಗಿಲನ್ನು.

ದೂರು ಕೊಟ್ಟೆ. ನಾನು ಯಾವತ್ತೂ ನೋಡದ ಊರಿನಲ್ಲಿ, ಮುಖ ನೋಡದ ಯಾರೋ ಒಬ್ಬರು ಒಂದು ಸಾಲು ತಿದ್ದಿದರು. ಟೀ ಕುಡಿದು ಮುಗಿಸುವಷ್ಟರಲ್ಲಿ ಸರಿಹೋಯಿತು. ಗೆಳೆಯ ಮತ್ತೆ ಕಂಬಂನಿಂದ ಕರೆ ಮಾಡಿದಾಗ ಅಪ್ಪನ ಫೋಟೋ ಕೆಳಗೆ ಗಂಟೆ ಬಾರಿಸಿತು. ಎಷ್ಟು ವರ್ಷಗಳ ಮೇಲೆ! ನನಗೆ ಅಳು ಬಂತು, ಮುಚ್ಚಿಡಲಿಲ್ಲ.

ಮಾರನೆಯ ದಿನ ಗೂಡಲೂರಿನ ಬಸ್ಸು ಹತ್ತಿದೆ. ಚೀಲದಲ್ಲಿ ಆ ಹಳೆಯ ಕಾರ್ಡನ್ನು ಇಟ್ಟುಕೊಂಡಿದ್ದೆ. ತೇನಿ ದಾಟಿ ಕಣಿವೆ ತೆರೆದುಕೊಳ್ಳುವವರೆಗೂ ಒಂದೇ ಅಭ್ಯಾಸ. ಹೇಗೆ ಶುರುಮಾಡಲಿ, ಏನು ತೋರಿಸಲಿ, ಅವಳಿಗೆ ತಿಳಿಯುವ ಹಾಗೆ ಹೇಗೆ ಹೇಳಲಿ. ಒಳಗೊಳಗೇ ಒಂದು ಗೆಲುವೂ ಇತ್ತು, ಇಲ್ಲವೆನ್ನಲಾರೆ. ಈ ಸಲ ತಪ್ಪು ನನ್ನದಲ್ಲ. ಕೈಯಲ್ಲಿ ಸಾಕ್ಷಿಯಿದೆ. ಸೊಸೆ, ಮೊಮ್ಮಕ್ಕಳು, ಬೀದಿಯ ಹೆಂಗಸರು ಎಲ್ಲರ ಮುಂದೆ ಹೇಳಿಬಿಡಬೇಕು ಎಂದುಕೊಂಡಿದ್ದೆ.

ಅಕ್ಕ ನಡುಮನೆಯ ಮಂಚದಲ್ಲಿದ್ದಳು. ಕೈಕಾಲು ಊದಿ, ಮುಖ ಮಾತ್ರ ಒಣಗಿತ್ತು. ಫೋನನ್ನು ತಲೆಯ ಪಕ್ಕದಲ್ಲೇ ಮಣೆಯ ಮೇಲೆ ಇಡಿಸಿಕೊಂಡಿದ್ದಳು. "ಬಾ ತಂಬಿ, ಕುಂತ್ಕೋ. ನೀನೂ ಕೆಳವ ಆಗ್ಬುಟ್ಟೆ" ಎಂದಳು. ಮುದುಕನಾದೆ ಎಂದು. ನಾನು ಚೀಲದ ದಾರ ಬಿಚ್ಚಿದೆ.

"ಅಕ್ಕ, ಆ ಫೋನ್ ವಿಸ್ಯ..." ಎಂದೆ.

"ಬುಡು. ನೀ ಎತ್ಲಿಲ್ಲೆ ಅಂತ ನಂಗೆ ವರುತ್ತ ಇಲ್ಲೆ, ಬೇಜಾರಿಲ್ಲೆ. ಎತ್ತಿದ್ರೆ ಏನಾಯ್ತಿತ್ತು? ನೀ ಒಂದ್ ಮಾತು, ನಾ ಒಂದ್ ಮಾತು, ತಿರುಗ ಸಂಡೆ, ಜಗ್ಳ." ಉಸಿರು ತೆಗೆದುಕೊಂಡಳು. "ಫೋನು ಅಪ್ಪನ್ ಪಟದ್ ಕೆಳ್ಗೆ ತಾನೆ ಈಗ್ಲೂ ಇರೋದು?"

"ಊಂ."

"ಅದೇ ನೆನಪು. ರಿಂಗ್ ಓಯ್ತದಲ್ಲ, ಆವಾಗ ನಾನೂ ಅದ್ರ್ ಕೂಡ ಒಳಿಕ್ಕೆ ಓಯ್ತೀನಿ. ಮೊದ್ಲು ಅಪ್ಪನ್ ತಾವ. ಆಮೇಲೆ ಅಡ್ಗೆಮನೆ. ನಿನ್ ಎಂಡ್ತಿ ತಲೆ ಎತ್ತಿ ನೋಡ್ತಾಳೆ. ಆಮೇಲೆ ಇತ್ಲು, ಕರಿಬೇವಿನ್ ಮರ. ನೀ ಎಲ್ಲೋ ಕುಂತು ಪೇಪರ್ ಓದ್ತಾ, ಮೂತಿ ಊದಿಸ್ಕೊಂಡು ಕೇಳ್ತಾ ಇದ್ದೀಯ. ಅದು ನಿಂತ್ ಮೇಲೆ, ಸರಿ, ತಮ್ಮನ್ ಮನೆಗೆ ಓಗ್ಬಂದೆ ಅಂತ ಕಂಜಿ ಕುಡೀತೀನಿ. ಅದ್ ಸಾಕು ನಂಗೆ. ಅಷ್ಟ್ ದೂರ ಬಸ್ಸಲ್ ಬರೋಕೆ ಇನ್ ಆಗಲ್ವಲ್ಲ."

ಬಾಗಿಲಲ್ಲಿ ಸೊಸೆ ಗಂಜಿಯ ಲೋಟ ಹಿಡಿದು ನಿಂತಿದ್ದಳು. ನನ್ನ ಕೈ ಚೀಲದೊಳಗೆ ಕಾರ್ಡಿನ ಮೇಲಿತ್ತು. ಅದರ ಅಂಚು ಬೆರಳಿಗೆ ಒತ್ತುತ್ತಿತ್ತು.

"ನಿಂಗೆ ಕೇಳಿಸ್ತಿತ್ತು ತಾನೆ?" ಎಂದಳು ಅಕ್ಕ. ಹಾಗೆ ಕೇಳುವಾಗ ಅವಳ ಕಣ್ಣು ನನ್ನ ಮೇಲೆಯೇ ಇತ್ತು. ಅಕ್ಕನನ್ನು ಅಷ್ಟು ಹೆದರಿದವಳ ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

"ಕೇಳಿಸ್ತಿತ್ತು ಅಕ್ಕ."

"ನಾನೇ ಅಂತ ತೆರಿಂತಾ?"

"ಬೇರೆ ಯಾರು ಆಕ್ತಾರೆ ಆ ನಂಬರ್‌ಗೆ? ನೀನೇ ಅಂತ ದಿನಾ ಗೊತ್ತಾಯ್ತಿತ್ತು."

"ಎದ್ದು ಬರೋಕೆ ಕೋವ."

"ಊಂ. ಕೋವ" ಎಂದೆ, ಸಿಟ್ಟು ಎಂದು.

ಅವಳು ನಕ್ಕಳು. "ಅಪ್ಪನ್ ಕೋವ ಅಂಗೇ ಬಂದದೆ ನಿಂಗೆ" ಎಂದು ಸೊಸೆಯ ಕಡೆ ತಿರುಗಿ, "ಏಳ್ಲಿಲ್ವಾ ನಾನು? ಕೇಳ್ಕೊಂಡೇ ಕುಂತಿದ್ದಾನೆ ಇವ್ನು, ಕಳ್ಳ" ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಸೊಸೆ ನನ್ನನ್ನು ನೋಡಿದ ನೋಟವನ್ನು ನಾನು ಹೇಳಲಾರೆ. ಚೀಲದ ದಾರವನ್ನು ಮತ್ತೆ ಕಟ್ಟಿದೆ.

ಸಂಜೆಯವರೆಗೂ ಅಲ್ಲೇ ಇದ್ದೆ. ಹಸುವಿನ ಸುದ್ದಿ, ಯಾರ ಮನೆಯಲ್ಲಿ ಏನಾಯಿತು ಎಂಬ ಸುದ್ದಿ, ಬಾಕಿ ಉಳಿದ ಶುಕ್ರವಾರಗಳದ್ದೆಲ್ಲ ಹೇಳಿದಳು. ನಾಳೆಯಿಂದ ಫೋನ್ ಎತ್ತುತ್ತೇನೆ ಎಂದು ಹೇಳಿ ಹೊರಟೆ. ಆಮೇಲೆ ಅವಳು ಕೆಲವೇ ದಿನ ಬೆಳಿಗ್ಗೆ ಕರೆ ಮಾಡಿದಳು. ಮೊದಲ ಗಂಟೆಗೇ ಎತ್ತಿದರೆ ಬೈಯುತ್ತಿದ್ದಳು. "ಸ್ವಲ್ಪ ಬಾರಿಸೋಕೆ ಬುಡೋ, ನಾನು ಇನ್ನೂ ಅಡ್ಗೆಮನೆಗೇ ಓಗ್ಲಿಲ್ಲೆ" ಎನ್ನುತ್ತಿದ್ದಳು. ಹಾಗಾಗಿ ನಾನು ಫೋನಿನ ಮೇಲೆ ಕೈಯಿಟ್ಟುಕೊಂಡು, ಅವಳು ಹಿತ್ತಲು ಮುಟ್ಟುವವರೆಗೂ ಕಾಯುತ್ತಿದ್ದೆ. ಒಂದು ದಿನ ಅದು ಬಾರಿಸಲಿಲ್ಲ. ಮೊಬೈಲ್ ಬಾರಿಸಿತು.

ನಮ್ಮಲ್ಲಿ ಹೆಣ್ಣು ಸತ್ತರೆ ಹುಟ್ಟಿದ ಮನೆಯಿಂದ ಹೊಸ ಸೀರೆ ಬರಬೇಕು. ಕೋಡಿ ಎನ್ನುತ್ತಾರೆ. ಅದನ್ನು ಹೊದಿಸದೆ ಹೆಣ ಎತ್ತುವುದಿಲ್ಲ. ಈ ಸಲ ನಾನು ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದೆ. ಸೀರೆ ಬಿಡಿಸಿ ಅಕ್ಕನ ಮೇಲೆ ಹೊದಿಸುವಾಗ ಹಿಂದೆ ಹೆಂಗಸರು ಮಾತಾಡಿಕೊಳ್ಳುವುದು ಕೇಳಿತು. "ಆರು ಮಾಸ ಫೋನ್ ಆಕಿದ್ಳಂತೆ. ಇವ್ನು ಕೇಳ್ಕೊಂಡೇ ಕುಂತಿದ್ನಂತೆ. ಅವ್ಳೇ ಏಳಿದ್ದು." ಸಿಟ್ಟು ಬಂತು. ನಾನು ಮಾಡದ ತಪ್ಪಿಗೆ ನನ್ನ ಊರಿನ ಬೀದಿಯಲ್ಲೇ ತಲೆ ತಗ್ಗಿಸುವುದು ಸಣ್ಣ ಮಾತಲ್ಲ. ಆದರೂ ತಿರುಗಿ ನೋಡದೆ ಸೀರೆಯ ಅಂಚು ಸರಿಮಾಡಿದೆ.

ಎಲ್ಲ ಮುಗಿದು ಬಾವಿಕಟ್ಟೆಯಲ್ಲಿ ಕೂತಿದ್ದಾಗ ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತಳು. ಅತ್ತು ಅತ್ತು ದನಿ ಹೋಗಿತ್ತು. ತಾನಾಗಿಯೇ ನನ್ನ ಕೈ ಹಿಡಿದುಕೊಂಡಳು.

"ಮಾಮ, ಅವತ್ತು ನಂತಾವ ರಿಂಗೇ ಆಗ್ಲಿಲ್ಲೆ ಅಂದ್ರಿ. ಅಮ್ಮನ್ ತಾವ ಕೇಳಿಸ್ತಿತ್ತು ಅಂದ್ರಿ. ಎರಡ್ರಲ್ಲಿ ಯಾವ್ದು ಪೊಯ್? ನಿಜ ಏಳಿ. ನೀವು ಏಳಿದ್ದನ್ನ ನಂಬ್ತೀನಿ."

ಹೇಳಿಬಿಡಬಹುದಿತ್ತು. ಅವಳು ಓದಿದವಳು, ಅರ್ಥವಾಗುತ್ತಿತ್ತು. ಊರಿಗೂ ಅವಳೇ ತಿಳಿಸುತ್ತಿದ್ದಳು. ಆದರೆ ಆ ಗಂಟೆ ನನ್ನ ಮನೆಯಲ್ಲಿ ಬಾರಿಸಲೇ ಇಲ್ಲ ಎಂದುಬಿಟ್ಟರೆ, ಅಕ್ಕ ಅಷ್ಟು ದಿನ ಎಲ್ಲಿಗೆ ಹೋಗಿ ಬರುತ್ತಿದ್ದಳು?

"ನಿಂಗೆ ಏಳಿದ್ದು ಪೊಯ್" ಎಂದೆ.

ಅವಳು ತನ್ನ ಕೈ ಬಿಡಿಸಿಕೊಂಡು ಎದ್ದು ಒಳಗೆ ಹೋದಳು.